ಕನ್ನಡಿಯ ಮುಂದೆ ಕೇಳಿದ ಮಾತು ಯಾರದು?

ಯಾವುದೇ ಹೊಸ ಊರಿಗೆ ಹೋದರೂ ಜನ ಮೊದಲು ಕೇಳುವುದು ಅಲ್ಲಿ ನೋಡುವಂಥದ್ದು ಏನಿದೆ ಎಂದು. ವಿಜಯಪುರಕ್ಕೆ ಹೋದರೆ ಗೋಲಗುಮ್ಮಟ, ಕಲಬುರಗಿಗೆ ಹೋದರೆ ಖ್ವಾಜಾ ಬಂದೇನವಾಜರ ದರ್ಗಾ, ಬೀದರಿಗೆ ಹೋದರೆ ಮಹಮೂದ್ ಗವಾನನ ಮದರಸಾ. ಇವನ್ನೆಲ್ಲ ನಾವೂ ನೋಡಿದ್ದೇವೆ, ನೋಡಿ ಬೆರಗಾಗಿದ್ದೇವೆ. ಆದರೆ ಇಷ್ಟು ವರ್ಷಗಳಲ್ಲಿ ನಾವು ಬರೆದ ಒಂದು ಕತೆಯೂ ಗುಮ್ಮಟದ ಕೆಳಗೆ ಹುಟ್ಟಲಿಲ್ಲ. ಹುಟ್ಟಿದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಯಾವುದೋ ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ, ‘ಮಹಿಳೆಯರಿಗೆ ಮಾತ್ರ’ ಎಂದು ಬೋರ್ಡು ಹಾಕಿ ಬಾಗಿಲಿಗೆ ದಪ್ಪ ಪರದೆ ಇಳಿಬಿಟ್ಟ ಬ್ಯೂಟಿ ಪಾರ್ಲರುಗಳಲ್ಲಿ.

(‘ನಾವು’ ಎಂದಿದ್ದಕ್ಕೆ ಓದುಗರು ನಗಬಾರದು. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತವರಿಗೆ ‘ಹಮ್’ ಎನ್ನುವುದು ನಾಲಿಗೆಗೆ ಅಂಟಿಕೊಂಡುಬಿಡುತ್ತದೆ. ಆಮೇಲೆ ಕನ್ನಡ ಹೈಸ್ಕೂಲು ಸೇರಿದಾಗ ಮೇಷ್ಟ್ರು, ‘ನೀನೊಬ್ಬಳೇ ನಿಂತಿದ್ದೀಯಲ್ಲಮ್ಮ, ನಾವು ಅಂದರೆ ಇನ್ಯಾರು?’ ಎಂದು ಕೇಳಿದ್ದರು. ಆಗಲೂ ಉತ್ತರ ಗೊತ್ತಿರಲಿಲ್ಲ, ಈಗಲೂ ಇಲ್ಲ. ಅಭ್ಯಾಸ ಮಾತ್ರ ಹೋಗಿಲ್ಲ.)

ಇದು ಶುರುವಾದದ್ದು ತೀರ ಸಣ್ಣ ಕಾರಣಕ್ಕೆ. ಕತೆಗಳು ಅಲ್ಲಲ್ಲಿ ಅಚ್ಚಾಗತೊಡಗಿದ ಮೇಲೆ ವಿಚಾರ ಸಂಕಿರಣ, ಕಥಾ ಕಮ್ಮಟ ಎಂದು ಕರೆಯುವವರು ಕರೆಯತೊಡಗಿದರು. ನಮ್ಮ ಹರಿಹರದಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಇಳಿದು, ಲಾಡ್ಜಿನ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ವೇದಿಕೆ ಹತ್ತುವ ಧೈರ್ಯ ಉಳಿಯುತ್ತಿರಲಿಲ್ಲ. ಸ್ವಂತ ಊರಿನ ಪಾರ್ಲರಿಗೆ ಹೋಗುವಂತಿರಲಿಲ್ಲ. ಅಲ್ಲಿ ಹೋದರೆ ಸಂಜೆಯೊಳಗೆ ಅತ್ತೆಯವರಿಗೆ ಸುದ್ದಿ ಮುಟ್ಟುತ್ತಿತ್ತು. ಪರಊರಿನಲ್ಲಿ ಯಾರು ಕೇಳುತ್ತಾರೆ? ಹೀಗೆ ಕದ್ದು ಹುಬ್ಬು ತೀಡಿಸಿಕೊಳ್ಳಲು ಹೋದವರಿಗೆ ಕತೆಗಳು ಸಿಕ್ಕವು. ಹುಬ್ಬು ತೀಡಿಸುವುದು ಜಾಯಿಜ್ ಹೌದೋ ಅಲ್ಲವೋ ಎಂಬ ಚರ್ಚೆ ದೊಡ್ಡದಿದೆ. ನಮ್ಮ ಹಿರಿಯರಲ್ಲಿ ಹಲವರು ಕೂಡದು ಎಂದಿದ್ದಾರೆ. ಅದನ್ನು ತಿಳಿದವರಿಗೆ ಬಿಟ್ಟು ನಾವು ಇನ್ನೊಂದು ಪ್ರಶ್ನೆಗೆ ಬರುತ್ತೇವೆ. ನಮ್ಮ ಮಟ್ಟಿಗೆ ಅದು ಹುಬ್ಬಿಗಿಂತ ಭಾರವಾದದ್ದು.

ಪರದೆ ಸರಿಸಿ ಒಳಗೆ ಹೋದ ಕೂಡಲೇ ಗೋಡೆಗೆ ಮೊಳೆಗಳ ಒಂದು ಸಾಲು ಇರುತ್ತದೆ. ಅದರಲ್ಲಿ ಒಂದೆರಡು ಬುರ್ಖಾ, ದುಪಟ್ಟಾ, ಸ್ಕೂಟಿಯವಳ ಹೆಲ್ಮೆಟ್ಟು, ಯಾರದೋ ಮಗುವಿನ ಸ್ವೆಟರು ತೂಗಾಡುತ್ತಿರುತ್ತವೆ. ಹೊರಗೆ ಒಬ್ಬೊಬ್ಬರು ಒಂದೊಂದು ಕೋಮಿನವರು, ಒಂದೊಂದು ಓಣಿಯವರು. ಒಳಗೆ ಎಲ್ಲರ ಮುಖಕ್ಕೂ ಒಂದೇ ಬಿಳಿ ಲೇಪ. ಬ್ಲೀಚಿನ ಮೂಗು ಚುಚ್ಚುವ ವಾಸನೆ, ಸ್ಟೋವಿನ ಮೇಲೆ ಕಾಯುತ್ತಿರುವ ವ್ಯಾಕ್ಸು, ಸದ್ದು ಮಾಡುವ ಫ್ಯಾನು. ಐಬ್ರೋ ಮಾಡುವ ಕ್ರಮವನ್ನು ಗಂಡಸರು ನೋಡಿರಲಾರರು, ಆದ್ದರಿಂದ ಹೇಳಬೇಕು. ಹುಬ್ಬಿಗೆ ಪೌಡರ್ ಹಚ್ಚುತ್ತಾರೆ. ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿ, ನಡುವೆ ಹೊಸೆದು ಕತ್ತರಿಯಂತೆ ಆಡಿಸುತ್ತಾರೆ. ಗಿರಾಕಿ ಕಣ್ಣು ಮುಚ್ಚಿಕೊಂಡು ಒಂದು ಕೈಯಿಂದ ರೆಪ್ಪೆಯನ್ನೂ ಇನ್ನೊಂದು ಕೈಯಿಂದ ಹಣೆಯನ್ನೂ ಎಳೆದು ಹಿಡಿದಿರಬೇಕು. ಅಂದರೆ ಕೆಲಸ ಮಾಡುವವಳಿಗೆ ಆ ಹೊತ್ತು ಬಾಯಿಲ್ಲ, ಮಾಡಿಸಿಕೊಳ್ಳುವವಳಿಗೆ ಕಣ್ಣಿಲ್ಲ. ಎಡ ಹುಬ್ಬು ಮುಗಿದು ಬಲ ಹುಬ್ಬು ಶುರುವಾಗುವ ನಡುವೆ ನೂಲು ಬಾಯಿಂದ ಬಿಟ್ಟಾಗ ಅವಳು ಒಂದು ಮಾತು ಆಡುತ್ತಾಳೆ. ಎಷ್ಟೋ ಸಂಸಾರಗಳ ಕತೆ ಹೀಗೆ ಅರ್ಧರ್ಧ ವಾಕ್ಯದಲ್ಲಿ ನಮ್ಮ ಕಿವಿಗೆ ಬಿದ್ದಿದೆ.

ಹೀಗೆ ಮಾತು ಬರುವುದು ಹೊಸದೇನಲ್ಲ. ಹಳೆಯ ಉರ್ದು ಮನೆಗಳಲ್ಲಿ ಮದುವೆಯ ಹೆಣ್ಣಿನ ಜಡೆ ಹೆಣೆದು ಸಿಂಗರಿಸುವವಳಿಗೆ ‘ಮಶ್ಶಾತಾ’ ಎನ್ನುತ್ತಿದ್ದರು. ಅದೇ ಪದಕ್ಕೆ ಮದುವೆ ಕುದುರಿಸುವವಳು ಎಂಬ ಅರ್ಥವೂ ಇದೆ. ತಲೆ ಬಾಚುವ ಕೈ ಮನೆಯಿಂದ ಮನೆಗೆ ಸುದ್ದಿಯನ್ನೂ ಒಯ್ಯುತ್ತಿತ್ತು ಎನ್ನಲು ಇನ್ನೇನು ಸಾಕ್ಷಿ ಬೇಕು? ಗಂಡಸರ ಕಡೆಯದು ಜಗತ್ತಿಗೇ ಗೊತ್ತಿದೆ. ಅಲಿಫ್ ಲೈಲಾದಲ್ಲಿ ಬಗ್ದಾದಿನ ಒಬ್ಬ ಕ್ಷೌರಿಕ ಬರುತ್ತಾನೆ. ತನ್ನನ್ನು ಜನ ‘ಮೌನಿ’ ಎಂದು ಕರೆಯುತ್ತಾರೆಂದು ಹೇಳಿಕೊಳ್ಳುತ್ತಾ ತನ್ನ ಅಣ್ಣತಮ್ಮಂದಿರೆಲ್ಲರ ಕತೆಯನ್ನೂ ಬಿಡದೆ ಒದರುತ್ತಾನೆ. ಉರ್ದು ಶಾಲೆಯಲ್ಲಿ ಈ ಪಾಠ ಕೇಳಿ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಆದರೆ ಅವನ ಮಾತು ಕೇಳಿ ಬರೆದುಕೊಂಡವನೊಬ್ಬ ಇದ್ದಿರಬೇಕಲ್ಲ, ಅವನ ಬಗ್ಗೆ ಯಾರೂ ನಗುವುದಿಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ಹೀಗೇ ಪಾರ್ಲರಿಗೆ ಹೋಗಿದ್ದೆವು. ಸಂಜೆಯ ಹೊತ್ತು, ಬೇರೆ ಗಿರಾಕಿಗಳಿರಲಿಲ್ಲ. ನಡೆಸುವವಳಿಗೆ ಮೂವತ್ತೈದರ ಆಸುಪಾಸು. ‘ಯಾವೂರ್ರಿ ಅಕ್ಕಾರ?’ ಎಂದು ಕೇಳಿದಳು. ಹೇಳಿದೆವು. ನಾಳೆ ರಾತ್ರಿ ಬಸ್ಸಿಗೆ ವಾಪಸ್ಸು ಎಂದೂ ಹೇಳಿದೆವು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಗಂಡ ಕೆಟ್ಟವನಲ್ಲ, ಕುಡಿಯುವವನೂ ಅಲ್ಲ. ಆದರೆ ಕೈಗೆ ಬಂದದ್ದೆಲ್ಲ ಅಣ್ಣತಮ್ಮಂದಿರ ಹೊಲದ ಸಾಲಕ್ಕೆ ಹೋಗುತ್ತದೆ. ಮಗಳು ಏಳನೆಯ ತರಗತಿ, ಲೆಕ್ಕದಲ್ಲಿ ಜಾಣೆ. ಅವಳನ್ನು ಓದಿಸಬೇಕು. ಅದಕ್ಕೆ ಈಕೆ ಮಾಡಿದ ಉಪಾಯ ಇಷ್ಟು: ಐಬ್ರೋಕ್ಕೆ ಹತ್ತು ರೂಪಾಯಿ ಎಂದು ಮನೆಯಲ್ಲಿ ಹೇಳಿದ್ದಾಳೆ, ಗಿರಾಕಿಯಿಂದ ತೆಗೆದುಕೊಳ್ಳುವುದು ಹದಿನೈದು. ಮೇಲಿನ ಐದು ರೂಪಾಯಿ ಖಾಲಿ ವ್ಯಾಕ್ಸ್ ಡಬ್ಬಿಗೆ ಬೀಳುತ್ತದೆ. ಮದುವೆ ಸೀಜನ್ನಿನಲ್ಲಿ ಸ್ವಲ್ಪ ಹೆಚ್ಚು. ‘ಅದೊಂದ್ ಡಬ್ಬಿ ಯಾ ಗಂಡಸೂ ಮುಟ್ಟೂದಿಲ್ಲ ನೋಡ್ರಿ’ ಎಂದು ನಕ್ಕಳು. ನಾವೂ ನಕ್ಕೆವು. ಹದಿನೈದು ಕೊಟ್ಟು ಎದ್ದೆವು.

ಲಾಡ್ಜಿಗೆ ಬಂದವರೇ ಬರೆಯಲು ಕೂತೆವು. ಅಷ್ಟು ಸಲೀಸಾಗಿ ಇನ್ನೊಂದು ಕತೆ ನಮ್ಮಿಂದ ಆಗಿಲ್ಲ. ಹೆಸರು ಬದಲಿಸಿದೆವು, ಊರು ಬದಲಿಸಿದೆವು, ಗಂಡನನ್ನು ಗಾರೆ ಕೆಲಸದವನನ್ನಾಗಿ ಮಾಡಿದೆವು. ನಮಗೆ ಒಳಹೊರಗು ಗೊತ್ತಿರುವುದು ಮುಸ್ಲಿಂ ಮನೆಯಾದ್ದರಿಂದ ಆಕೆಯನ್ನು ಮುಸ್ಲಿಂ ಹೆಂಗಸನ್ನಾಗಿ ಮಾಡಿದೆವು. ಡಬ್ಬಿಯನ್ನು ಮಾತ್ರ ಬಿಡಲಾಗಲಿಲ್ಲ. ಇಡೀ ಕತೆ ಅದರ ಮೇಲೇ ನಿಂತಿತ್ತು. ಕೊನೆಯಲ್ಲಿ ಆಕೆ ಕತ್ತಲಲ್ಲಿ ಡಬ್ಬಿಯನ್ನು ಎದೆಗೊತ್ತಿಕೊಂಡು ಅಳುವಂತೆ ಬರೆದೆವು. ಕತೆ ಅಚ್ಚಾಯಿತು. ಮೆಚ್ಚಿ ಬರೆದವರಲ್ಲಿ ಹೆಚ್ಚಿನವರು ‘ಮುಸ್ಲಿಂ ಮಹಿಳೆಯ ಮೂಕವೇದನೆ’ ಎಂಬ ಮಾತನ್ನೇ ಬಳಸಿದ್ದರು. ಖುಷಿಯಾಯಿತೆಂದು ಒಪ್ಪಿಕೊಳ್ಳಬೇಕು.

ಮೂರು ವರ್ಷ ಬಿಟ್ಟು ಅದೇ ಊರಿಗೆ ಮತ್ತೆ ಹೋಗುವುದಾಯಿತು. ಕಾಲು ತಾನಾಗಿ ಆ ಮೆಟ್ಟಿಲು ಹತ್ತಿತು. ಆಕೆ ಗುರುತು ಹಿಡಿದಳು. ಕೂರಿಸಿದಳು, ಪೌಡರ್ ಹಚ್ಚಿದಳು, ನೂಲು ಕಚ್ಚಿದಳು. ಎಡ ಹುಬ್ಬು ಮುಗಿದರೂ ಮಾತಿಲ್ಲ, ಬಲ ಹುಬ್ಬು ಮುಗಿದರೂ ಮಾತಿಲ್ಲ. ದುಡ್ಡು ಕೊಡುವಾಗ ಅಂದಳು: ‘ಅಕ್ಕಾರ, ಆ ಡಬ್ಬಿ ಈಗ ಇಲ್ಲರಿ. ಬ್ಯಾರೆ ಕಡೆ ಇಟ್ಟೇನಿ.’

ಮಗಳ ಹೈಸ್ಕೂಲಿನ ಟೀಚರೊಬ್ಬರು ಓದಲೆಂದು ಕೊಟ್ಟ ಹಳೆಯ ಸಂಚಿಕೆಗಳಲ್ಲಿ ನಮ್ಮ ಕತೆ ಇತ್ತಂತೆ. ಹುಡುಗಿ ಪಾರ್ಲರಿನಲ್ಲೇ ಕೂತು, ಗಿರಾಕಿಗಳ ಎದುರಿಗೇ, ದೊಡ್ಡ ದನಿಯಲ್ಲಿ ಓದಿ ಹೇಳಿದಳಂತೆ. ‘ಯವ್ವಾ, ಇದು ನಮ್ಮ ಅಂಗಡೀ ಇದ್ದಂಗೈತಿ’ ಎಂದು ನಕ್ಕಳಂತೆ. ಅಷ್ಟೇ ಆದದ್ದು. ಗಂಡನಿಗೆ ತಿಳಿಯಲಿಲ್ಲ, ಡಬ್ಬಿ ಬರಿದಾಗಲಿಲ್ಲ, ಯಾರೂ ಯಾರನ್ನೂ ಹೊಡೆಯಲಿಲ್ಲ. ಆದರೆ ಆವತ್ತು ರಾತ್ರಿ ಆಕೆ ಎದ್ದು ಆ ಡಬ್ಬಿಯನ್ನು ಎಲ್ಲಿಗೋ ಸಾಗಿಸಿದಳು. ಎಷ್ಟು ದಿನ ನಿದ್ದೆ ಬಿಟ್ಟಳೋ ಹೇಳಲಿಲ್ಲ, ಕೇಳುವ ಮುಖ ನಮಗಿರಲಿಲ್ಲ. ಮೆಟ್ಟಿಲಿನವರೆಗೆ ಬಂದು ಇನ್ನೊಂದು ಮಾತು ಕೇಳಿದಳು: ‘ಕತಿಯೊಳಗ ಆಕಿ ಯಾಕ ಅಳತಾಳ್ರಿ? ನಾ ಅತ್ತಿರಲಿಲ್ಲಲ್ಲ.’

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬುದ್ಧಿ ಬರುವ ಮೊದಲೇ ಎರಡು ಪದ ಕಲಿಸುತ್ತಾರೆ. ಎದುರಿಗಿಲ್ಲದವರ ಬಗ್ಗೆ ಅವರಿಗೆ ಹಿಡಿಸದ ಮಾತಾಡಿದರೆ, ಅದು ನಿಜವಾಗಿದ್ದರೆ ಗೀಬತ್, ಸುಳ್ಳಾಗಿದ್ದರೆ ಬೊಹ್ತಾನ್. ನಿಜ ಹೇಳಿದೆ ಎಂಬುದು ಸಮಜಾಯಿಷಿ ಆಗುವುದಿಲ್ಲ, ನಿಜವಾದದ್ದಕ್ಕೇ ಅದು ಗೀಬತ್. ಇದನ್ನು ಹೇಳಿಕೊಟ್ಟ ನಮ್ಮ ನಾನೀ ನಾವು ಕತೆ ಬರೆಯುತ್ತೇವೆಂದು ಊಹಿಸಿರಲಾರರು. ಆವತ್ತು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದರೆ ನಮ್ಮ ಒಂದೇ ಕತೆಯಲ್ಲಿ ಎರಡೂ ಇದ್ದವು. ಡಬ್ಬಿ ನಿಜ, ಅಳು ಸುಳ್ಳು. ಡಬ್ಬಿ ಆಕೆಯ ಅಮಾನತು. ಇಟ್ಟುಕೊಳ್ಳಲು ಕೊಟ್ಟದ್ದನ್ನು ನಾವು ಸಂತೆಯಲ್ಲಿ ಮಾರಿದೆವು. ಅಳು ಆಕೆಯದಲ್ಲವೇ ಅಲ್ಲ. ಅದನ್ನು ಎಲ್ಲಿಂದ ತಂದೆವು ಎಂದು ಯೋಚಿಸಿದಾಗ ಇನ್ನೂ ನಾಚಿಕೆಯಾಯಿತು. ಕತೆಯಲ್ಲಿ ಬುರ್ಖಾದವಳು ಬಂದರೆ ಕೊನೆಗೆ ಅಳಬೇಕು ಎಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಕಲಿತುಬಿಟ್ಟಿದ್ದೆವು. ಐದೈದು ರೂಪಾಯಿ ಕೂಡಿಸಿ, ನಗುನಗುತ್ತಾ ಒಂದು ಹೂಟ ಹೂಡಿ ಗೆಲ್ಲುತ್ತಿದ್ದ ಹಿಂದೂ ಹೆಂಗಸೊಬ್ಬಳನ್ನು ತಂದು, ಸೋತು ಅಳುವ ಮುಸ್ಲಿಂ ಹೆಂಗಸನ್ನಾಗಿ ಮಾಡಿದ್ದೆವು. ಆಕೆಗೂ ಅನ್ಯಾಯ, ನಮ್ಮವರಿಗೂ ಅನ್ಯಾಯ.

ಸಾಹಿತ್ಯದ ಗೆಳೆಯರ ಬಳಿ ಇದನ್ನು ಹೇಳಿಕೊಂಡಾಗ ಹೆಚ್ಚಿನವರು ಸಮಾಧಾನ ಮಾಡಿದರು. ‘ಹೀಗೆಲ್ಲ ನೋಡಿದರೆ ಯಾರೂ ಬರೆಯುವಂತೆಯೇ ಇಲ್ಲ, ಬದುಕಿನಿಂದಲ್ಲದೆ ಕತೆ ಇನ್ನೆಲ್ಲಿಂದ ಬರಬೇಕು?’ ಎಂದರು. ಮಾತು ಸುಳ್ಳಲ್ಲ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕತೆಯೂ ಒಂದು ಹಾಡೂ ಗೊತ್ತಿರುತ್ತದೆ, ಆದರೆ ಯಾರಿಗೂ ಹೇಳುವುದಿಲ್ಲ. ಒಳಗೇ ಉಸಿರುಗಟ್ಟಿದ ಕತೆ ಹಾಡುಗಳು ಹೊರಬಿದ್ದು, ಅಂಗಿಯೂ ಜೋಡೂ ಆಗಿ, ಮನೆಗೆ ಯಾರೋ ಗಂಡಸು ಬಂದಿದ್ದಾನೆಂದು ಗಂಡನಿಗೆ ಅನುಮಾನ ಹುಟ್ಟಿಸಿ ಸೇಡು ತೀರಿಸಿಕೊಳ್ಳುತ್ತವೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಆರಂಭದಲ್ಲಿಯೂ ಈ ಎಳೆ ಇದೆ. ಗೆಳೆಯರು ಇದನ್ನೇ ಎತ್ತಿ ಹೇಳಿದರು: ಕತೆಯನ್ನು ಬಚ್ಚಿಡುವುದೇ ಪಾಪ.

ಆದರೆ ಅವರೇ ಸಂಗ್ರಹಿಸಿದ ಇನ್ನೊಂದು ಕತೆ, ತಮಿಳಿನದು, ನಮಗೆ ಪಾರ್ಲರಿಗೆ ಹೆಚ್ಚು ಹತ್ತಿರ ಎನಿಸುತ್ತದೆ. ಮಕ್ಕಳು ಸೊಸೆಯರ ಕಾಟ ಸಹಿಸಿ ಸಹಿಸಿ, ಹೇಳಿಕೊಳ್ಳಲು ಯಾರೂ ಇಲ್ಲದೆ ಊದಿಹೋದ ಒಬ್ಬ ವಿಧವೆ ಊರಾಚೆಯ ಪಾಳುಮನೆಗೆ ಹೋಗುತ್ತಾಳೆ. ಒಂದು ಗೋಡೆಗೆ ಒಬ್ಬ ಮಗನ ದೂರು, ಇನ್ನೊಂದು ಗೋಡೆಗೆ ಸೊಸೆಯ ದೂರು. ಹೇಳಿದಂತೆಲ್ಲ ಒಂದೊಂದು ಗೋಡೆಯೂ ಕುಸಿಯುತ್ತದೆ, ಅವಳ ಮೈ ಹಗುರಾಗುತ್ತದೆ. ಪರಊರಿನ ಗಿರಾಕಿ ಪಾರ್ಲರಿನವಳಿಗೆ ಇಂಥ ಗೋಡೆ. ನಾಳೆ ರಾತ್ರಿ ಬಸ್ಸಿಗೆ ಹೋಗಿಬಿಡುವ ಗೋಡೆ. ಊರಿನವರಿಗೆ ಹೇಳಲಾಗದ್ದನ್ನು ಆಕೆ ನಮಗೆ ಹೇಳಿದ್ದು ನಾವು ಆಪ್ತರೆಂದಲ್ಲ, ಯಾರೂ ಅಲ್ಲವೆಂದು. ಗೋಡೆ ಭಾರ ಹೊರುತ್ತದೆ, ಬೇಕಾದರೆ ಕುಸಿಯುತ್ತದೆ, ಆದರೆ ಪತ್ರಿಕೆಗೆ ಕಳಿಸುವುದಿಲ್ಲ. ನಾನೀ ಹೇಳುತ್ತಿದ್ದ ಕತ್ತೆಕಿವಿಯ ರಾಜನ ಕತೆಯಲ್ಲಿ ಕ್ಷೌರಿಕ ಗುಟ್ಟು ತಾಳಲಾರದೆ ಮರಕ್ಕೆ ಹೇಳುತ್ತಾನೆ. ಮರ ಕಡಿದು ಡೋಲು ಮಾಡಿದರೆ ಡೋಲು ಇಡೀ ಊರಿಗೆ ಸಾರುತ್ತದೆ. ಚಿಕ್ಕವರಿದ್ದಾಗ ನಮಗೆ ಡೋಲಿನ ಮೇಲೆ ಪ್ರೀತಿ ಇತ್ತು. ಈಗ ಕ್ಷೌರಿಕನ ಕುತ್ತಿಗೆಯ ನೆನಪಾಗುತ್ತದೆ.

ಈ ಪ್ರಶ್ನೆ ನಮ್ಮ ತಾಲ್ಲೂಕು ಊರಿನ ಡಬ್ಬಿಗಷ್ಟೇ ಸಂಬಂಧಿಸಿದ್ದಲ್ಲ. ಅಮೆರಿಕದ ಕೇಶವಿನ್ಯಾಸಕಿ ಡೆಬೊರಾ ರಾಡ್ರಿಗೆಜ್ ತಾಲಿಬಾನಿನ ಮೊದಲ ಆಳ್ವಿಕೆ ಮುಗಿದ ಮೇಲೆ ಅಫ್ಘಾನಿಸ್ತಾನಕ್ಕೆ ಹೋದರು. ಕಾಬೂಲಿನಲ್ಲಿ 2003ರಲ್ಲಿ ಶುರುವಾದ ಬ್ಯೂಟಿ ಶಾಲೆಯಲ್ಲಿ ಹೆಂಗಸರಿಗೆ ಕಲಿಸಿದರು. 2007ರಲ್ಲಿ ಅವರ ‘ಕಾಬೂಲ್ ಬ್ಯೂಟಿ ಸ್ಕೂಲ್’ ಪುಸ್ತಕ ಬಂದು ಬಹಳ ಮಾರಾಟವಾಯಿತು. ಶಾಲೆಗೆ ಬಂದ ಹೆಂಗಸರ ಸಂಸಾರದ ಗುಟ್ಟುಗಳು, ಮೊದಲ ರಾತ್ರಿಯ ಭಯ ಕೂಡ, ಅದರಲ್ಲಿ ಇವೆ. ಅದೇ ವರ್ಷ ಅಮೆರಿಕದ ಸಾರ್ವಜನಿಕ ರೇಡಿಯೊದವರು ಕಾಬೂಲಿನಲ್ಲಿ ಆ ಹೆಂಗಸರಲ್ಲಿ ಕೆಲವರನ್ನು ಮಾತಾಡಿಸಿದಾಗ, ಪುಸ್ತಕದಿಂದಾಗಿ ತಮ್ಮ ಜೀವಕ್ಕೇ ಅಪಾಯವಿದೆ ಎಂದು ಅವರು ಹೇಳಿದರು. ತಮಗೆ ಸಹಾಯದ ಮಾತು ಕೊಟ್ಟು ನಡೆಸಲಿಲ್ಲವೆಂದೂ ದೂರಿದರು. ಲೇಖಕಿ ಅದನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಅವರೂ ಭಯದಿಂದ ಕಾಬೂಲ್ ಬಿಟ್ಟಾಗಿತ್ತು. ಯಾರ ಮಾತು ಎಷ್ಟು ನಿಜ ಎಂದು ತೀರ್ಪು ಕೊಡುವ ಯೋಗ್ಯತೆ ನಮಗಿಲ್ಲ. ಆ ಲೇಖಕಿ ಕೆಟ್ಟವರೆಂದೂ ನಾವು ನಂಬುವುದಿಲ್ಲ. ಅವರು ಆ ಹೆಂಗಸರ ಕೈಗೆ ಒಂದು ಕಸುಬು ಕೊಟ್ಟರು, ನಾವು ಹದಿನೈದು ರೂಪಾಯಿ ಕೊಟ್ಟೆವು. ಪುಸ್ತಕ ಓದಿದ ದೇಶದಲ್ಲಿ ಕೂತವರಿಗೆ ಅದು ಕತೆ, ಕತೆ ನಡೆದ ಓಣಿಯಲ್ಲಿ ಉಳಿದವರಿಗೆ ಅದು ವಿಳಾಸ. ಹೆಸರು ಬದಲಿಸಿದರೆ ಸಾಕು ಎಂದುಕೊಳ್ಳುವವರು ಊರುಗಳಲ್ಲಿ ಬದುಕಿದವರಲ್ಲ. ಊರಿಗೆ ಹೆಸರು ಬೇಕಿಲ್ಲ, ಒಂದು ಡಬ್ಬಿ ಸಾಕು.

ಉರ್ದು ಕತೆಗಾರ ಗುಲಾಮ್ ಅಬ್ಬಾಸರ ‘ಫ್ಯಾನ್ಸಿ ಹೇರ್ ಕಟಿಂಗ್ ಸಲೂನ್’ ಎಂಬ ಕತೆಯನ್ನು ಎಷ್ಟೋ ಸಲ ಓದಿದ್ದೆವು. ದೇಶ ವಿಭಜನೆಯಲ್ಲಿ ನೆಲೆ ತಪ್ಪಿದ ನಾಲ್ವರು ಕ್ಷೌರಿಕರು ಹೇಗೋ ಒಂದು ಅಂಗಡಿ ಹಿಡಿದು ಸಮಪಾಲಿನಲ್ಲಿ ನಡೆಸುತ್ತಾರೆ. ಹೊಟ್ಟೆಗಿಲ್ಲದ ಒಬ್ಬ ಮುನ್ಷಿ ಬಂದು ಆಶ್ರಯ ಕೇಳುತ್ತಾನೆ. ಲೆಕ್ಕ ಬರೆಯುತ್ತೇನೆ ಎನ್ನುತ್ತಾನೆ. ಬರೆಯುತ್ತಾ ಬರೆಯುತ್ತಾ ಅಂಗಡಿಯ ಯಜಮಾನನೇ ಆಗಿಬಿಡುತ್ತಾನೆ. ಕತ್ತರಿ ಹಿಡಿದವರು ಸಂಬಳದವರಾಗುತ್ತಾರೆ. ಇದನ್ನು ನಾವು ವಿಭಜನೆಯ ಕತೆ, ದುಡಿಯುವವರ ಕತೆ ಎಂದೇ ಓದಿದ್ದೆವು, ಪಾಠ ಹೇಳಿದ್ದೆವು ಕೂಡ. ಡಬ್ಬಿಯ ಪ್ರಸಂಗವಾದ ಮೇಲೆ ಓದಿದಾಗ ಲೇಖನಿ ಹಿಡಿದು ಬಂದ ಆ ಮುನ್ಷಿಯ ಮುಖ ಪರಿಚಿತವೆನಿಸಿತು.

ಕತ್ತರಿಯವನೇ ಲೇಖನಿ ಹಿಡಿದ ಒಂದು ಉದಾಹರಣೆಯೂ ಇದೆ ಎಂಬುದು ಸಮಾಧಾನ. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಐರ್ಲೆಂಡಿಗೆ ಹೋಗಿ ನೆಲೆಸಿ 1794ರಲ್ಲಿ ತನ್ನ ಪ್ರವಾಸ ಕಥನವನ್ನು ಪ್ರಕಟಿಸಿದ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದ ಮೊದಲ ಪುಸ್ತಕವದು. 1810ರಲ್ಲಿ ಲಂಡನ್ನಿನಲ್ಲಿ ಕಾಫಿ ಹೌಸ್ ತೆರೆದು ಕೈಸುಟ್ಟುಕೊಂಡ. ಆಮೇಲೆ ಬ್ರೈಟನ್ನಿನಲ್ಲಿ ಹಬೆ ಸ್ನಾನ ಮತ್ತು ‘ಚಂಪಿ’ಯ ಮನೆ ತೆರೆದು ಇಂಗ್ಲೆಂಡಿನ ದೊರೆಗಳಿಗೇ ಮೈ ತಿಕ್ಕುವವನಾದ. ಇವತ್ತು ನಾವು ಶಾಂಪೂ ಎನ್ನುವುದು ಅದೇ ಚಂಪಿಯ ಬೇರಿನ ಪದ. ತನ್ನಲ್ಲಿ ಗುಣವಾದವರ ಬಗ್ಗೆ ಅವನೊಂದು ಪುಸ್ತಕ ತಂದ. ಅದರಲ್ಲಿ ಗಿರಾಕಿಗಳೇ ಬರೆದುಕೊಟ್ಟ ಪತ್ರಗಳನ್ನು ಅಚ್ಚು ಹಾಕಿಸಿದ. ವ್ಯಾಪಾರದ ಜಾಹೀರಾತು ಎನ್ನಿ, ಪರವಾಗಿಲ್ಲ. ಅವರ ಮೈಯ ಗುಟ್ಟನ್ನು ಅವರದೇ ಕೈಯಲ್ಲಿ ಬರೆಸಿದ್ದನಲ್ಲ, ಅಷ್ಟು ಮರ್ಯಾದೆ ನಮ್ಮಲ್ಲಿರಲಿಲ್ಲ.

ಬರೆಯದೆ ಉಳಿದ ಒಂದು ಕತೆಯೂ ಇದೆ. 2012ರ ರಂಜಾನಿನಲ್ಲಿ ಬೆಂಗಳೂರಿನ ತಂಗಿಯ ಮನೆಯಲ್ಲಿದ್ದೆವು. ಹತ್ತಿರದ ಪಾರ್ಲರಿನಲ್ಲಿ ಮಣಿಪುರದ ಒಬ್ಬ ಹುಡುಗಿ ಕೆಲಸಕ್ಕಿದ್ದಳು. ಬಹಳ ಹಗುರ ಕೈ. ಊರಿಗೆ ತಿಂಗಳು ತಿಂಗಳು ಹಣ ಕಳಿಸುತ್ತಾಳೆ, ಭಾನುವಾರ ಚರ್ಚಿನಲ್ಲಿ ಹಾಡುತ್ತಾಳೆ ಎಂಬಷ್ಟು ತಿಳಿಯಿತು. ನಮ್ಮ ಹೆಸರು ಕೇಳಿದಳು, ಹೇಳಿದೆವು. ಅಸ್ಸಾಮಿನಲ್ಲಿ ಗಲಭೆ ಶುರುವಾಗಿದ್ದ ದಿನಗಳು. ಹೆಸರು ಕೇಳಿದಾಗ ಅವಳ ನೂಲು ಒಂದು ಕ್ಷಣ ನಿಂತಂತಾಯಿತು. ನಿಂತದ್ದು ನಿಜವೋ, ಕತೆಗಾರರ ಕೆಟ್ಟ ಚಾಳಿಯಿಂದ ನಾವು ಆಮೇಲೆ ಸೇರಿಸಿಕೊಂಡದ್ದೋ ಇವತ್ತಿಗೂ ಗೊತ್ತಿಲ್ಲ. ಹಬ್ಬಕ್ಕೆ ಎರಡು ದಿನ ಇರುವಾಗ ಮತ್ತೆ ಹೋದರೆ ಕುರ್ಚಿ ಖಾಲಿ. ಆ ವಾರ ಏನಾಯಿತೆಂದು ಬೆಂಗಳೂರಿನವರಿಗೆ ನೆನಪಿರಬೇಕು. ಹಬ್ಬ ಮುಗಿದ ಮೇಲೆ ಮುಸ್ಲಿಮರು ಈಶಾನ್ಯದವರ ಮೇಲೆ ಬೀಳುತ್ತಾರೆ ಎಂಬ ಗಾಳಿಮಾತು ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಆಗಸ್ಟ್ 15ರ ಹೊತ್ತಿಗೆ ಸಾವಿರಾರು ಜನ ಗಂಟುಮೂಟೆ ಕಟ್ಟಿ ಗುವಾಹಟಿಯ ರೈಲಿಗೆ ಮುಗಿಬಿದ್ದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕೇಂದ್ರ ಸರ್ಕಾರ 15 ದಿನ ತಡೆ ಹಾಕಿತು. ಹೋಗಬೇಡಿ ಎಂದು ಕೇಳಿಕೊಳ್ಳಲು ನಮ್ಮವರೂ ನಿಲ್ದಾಣಕ್ಕೆ ಹೋಗಿದ್ದರು. ಯಾರೋ ಕಟ್ಟಿದ ಒಂದು ಸುಳ್ಳು ಕತೆ ಅಷ್ಟು ಜನರನ್ನು ಓಡಿಸಿತು. ಬೊಹ್ತಾನ್ ಎಂದರೆ ಏನೆಂದು ಆವತ್ತು ಖಾಲಿ ಕುರ್ಚಿಯ ಪಕ್ಕ ನಿಂತಾಗ ಅರ್ಥವಾದಷ್ಟು ಯಾವ ಪಾಠದಿಂದಲೂ ಆಗಿರಲಿಲ್ಲ.

ಅವಳ ಬಗ್ಗೆ ಕತೆ ಬರೆಯಲು ಹಲವು ಸಲ ಕೂತಿದ್ದೇವೆ. ಎಂಥ ವಸ್ತು ಎಂದು ಯಾರಾದರೂ ಹೇಳುವಂಥದ್ದೇ. ಆದರೆ ಅವಳ ಊರಿನ ಹೆಸರನ್ನೂ ಕೇಳಿರಲಿಲ್ಲ ನಾವು. ರೈಲಿನಲ್ಲಿ ಅವಳು ಏನು ಯೋಚಿಸಿದಳು ಎಂದು ಬರೆಯಹೊರಟರೆ ಅವಳೂ ಅಳತೊಡಗುತ್ತಾಳೆ. ಹಾಳೆ ಹರಿದು ಹಾಕುತ್ತೇವೆ. ಪಾರ್ಲರಿನ ಒಡತಿಯನ್ನು ಆಮೇಲೆ ಕೇಳಿದ್ದೆವು, ವಾಪಸ್ಸು ಬರಲಿಲ್ಲ ಎಂದರು.

ಹಾಗಾದರೆ ಪಾರ್ಲರಿಗೆ ಹೋಗುವುದನ್ನೇ ಬಿಡಬೇಕೆ? ಬಿಟ್ಟು ನೋಡಿದೆವು, ಒಂದು ವರ್ಷ. ಆ ವರ್ಷ ಬರೆದ ಕತೆಗಳಲ್ಲಿ ಮನುಷ್ಯರೇ ಇರಲಿಲ್ಲ, ಬರೀ ವಿಚಾರವಿತ್ತು. 2023ರ ಜುಲೈಯಲ್ಲಿ ತಾಲಿಬಾನ್ ಸರ್ಕಾರ ಅಫ್ಘಾನಿಸ್ತಾನದ ಬ್ಯೂಟಿ ಸಲೂನುಗಳನ್ನೆಲ್ಲ ಮುಚ್ಚಿಸಿತು. ಸುಮಾರು 60,000 ಹೆಂಗಸರ ಕೆಲಸ ಹೋಯಿತೆಂದು ಅಲ್ಲಿನ ಮಹಿಳಾ ವಾಣಿಜ್ಯ ಸಂಘ ಅಂದಾಜು ಮಾಡಿತ್ತು. ದೀನ್ ಹೆಸರಿನಲ್ಲಿ ಹೆಂಗಸಿನ ಅನ್ನ ಕಿತ್ತುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ, ಅದನ್ನು ಸುತ್ತಿಬಳಸಿ ಹೇಳಬೇಕಾಗಿಲ್ಲ. ಅಲ್ಲಿ ಅನ್ನದ ಜೊತೆ ಹೋದದ್ದು ಆ ಕೋಣೆಯೂ ಹೌದು. ಶಾಲೆಯಿಲ್ಲ, ಪಾರ್ಕಿಲ್ಲ, ಹಮ್ಮಾಮಿಲ್ಲ. ಹೆಂಗಸರು ಗಂಡಸರ ಕಿವಿ ತಪ್ಪಿಸಿ ಕೂತು ಮಾತಾಡುವ ಕೊನೆಯ ಜಾಗಗಳಲ್ಲಿ ಒಂದು ಅದು. ಅಂಥ ಕೋಣೆಯ ಬೆಲೆ ಗೊತ್ತಾದ ಮೇಲೆ ಅದರೊಳಗೆ ಪರದೆ ಸರಿಸಿ ಹೋಗುವಾಗ ಕಾಲು ಸ್ವಲ್ಪ ನಡುಗುವುದು ಒಳ್ಳೆಯದೇ. ಹೊರಗಿನಿಂದ ಕೋಣೆ ಮುಚ್ಚಿಸುವವರು ಒಂದು ಬಗೆ. ಒಳಗೆ ಕೂತು ಕೇಳಿದ್ದನ್ನು ಹೊರಗೆ ಹಂಚಿ, ಆ ಕೋಣೆಯಲ್ಲಿ ಯಾರೂ ಬಾಯಿ ಬಿಡದಂತೆ ಮಾಡುವವರು ಇನ್ನೊಂದು ಬಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ ನಾವು. ಆದರೂ ಎರಡನೆಯದರಲ್ಲಿ ನಮ್ಮ ಪಾಲಿದೆ.

ಈಗ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಕುರ್ಚಿಯಲ್ಲಿ ಕೂತ ಕೂಡಲೇ, ನೂಲು ಬಾಯಿಗೆ ಹೋಗುವ ಮೊದಲೇ, ನಾವು ಕತೆ ಬರೆಯುವವರು ಎಂದು ಹೇಳಿಬಿಡುತ್ತೇವೆ. ಹಲವರು ಅಲ್ಲಿಗೆ ಸುಮ್ಮನಾಗುತ್ತಾರೆ. ಐಬ್ರೋ ಆಗುತ್ತದೆ, ಐವತ್ತು ಕೊಟ್ಟು ಬರುತ್ತೇವೆ, ಕತೆ ಇಲ್ಲ. ಕೆಲವರಿಗೆ ಹುರುಪು ಬಂದು ‘ನನ್ನದು ಬರೀರಿ ಮೇಡಂ, ಹೆಸರು ಹಾಕೇ ಬರೀರಿ’ ಎಂದು ಹೇಳುತ್ತಾರೆ. ಹಾಗೆ ಹೇಳಿದವರ ಕತೆ ಸಾಮಾನ್ಯವಾಗಿ ಟೀವಿ ಧಾರಾವಾಹಿಯಂತಿರುತ್ತದೆ, ಏನು ಮಾಡುವುದು. ಇನ್ನು ಕೆಲವರು ‘ಇದೊಂದ್ ಬರೀಬ್ಯಾಡ್ರಿ’ ಎಂದು ಶುರು ಮಾಡಿ, ಜೀವಮಾನದಲ್ಲಿ ಮರೆಯಲಾಗದ್ದನ್ನು ಹೇಳಿಬಿಡುತ್ತಾರೆ. ಅಂಥವು ನಾಲ್ಕೈದು ನಮ್ಮಲ್ಲಿ ಇವೆ. ಬರೆಯುವುದಿಲ್ಲ. ಅವು ಅಂಗಿಯಾಗಿ ಜೋಡಾಗಿ ನಮ್ಮ ಮೇಲೆ ಸೇಡು ತೀರಿಸಿಕೊಂಡರೆ ತೀರಿಸಿಕೊಳ್ಳಲಿ.

ಹೋದ ಚಳಿಗಾಲದಲ್ಲಿ ಕಲಬುರಗಿಯಲ್ಲಿ ಒಬ್ಬಳು, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ, ನಾವು ಕತೆ ಬರೆಯುವವರು ಎಂದ ಕೂಡಲೇ ನೂಲು ಕಚ್ಚದೆ ನಿಂತಳು. ‘ಹಂಗಾದ್ರ ನೀವೇ ಒಂದ್ ಹೇಳ್ರಿ ಆಂಟಿ. ದಿನಾ ನಾವೇ ಕೇಳ್ತೀವಿ, ಎಲ್ಲಾರದೂ ಅದೇ ಅತ್ತಿ, ಅದೇ ಗಂಡ. ನಿಮ್ದೇನ್ ಐತಿ?’ ಎಂದಳು. ಬರೆದದ್ದು ಯಾವುದನ್ನಾದರೂ ಹೇಳೋಣವೆಂದು ಬಾಯಿ ತೆರೆದೆವು. ಬಂದದ್ದು ಬೇರೆ. ಮನೆಯಲ್ಲಿ ಯಾರಿಗೂ, ತಂಗಿಗೂ ಹೇಳದಿದ್ದ ಒಂದು ಸಂಗತಿ. ಎಡ ಹುಬ್ಬಿಗೆ ಶುರುವಾಗಿ ಬಲ ಹುಬ್ಬಿನ ಅರ್ಧಕ್ಕೆ ಮುಗಿಯಿತು. ಕಣ್ಣು ಮುಚ್ಚಿದ್ದರಿಂದ ಅವಳ ಮುಖ ಕಾಣಲಿಲ್ಲ. ನೂಲು ಬಾಯಲ್ಲಿದ್ದುದರಿಂದ ಅವಳು ಏನೂ ಅನ್ನಲಿಲ್ಲ. ಮುಗಿದ ಮೇಲೆ ಹತ್ತಿಯಲ್ಲಿ ಪೌಡರ್ ಒರೆಸಿ, ಚಿಕ್ಕ ಕನ್ನಡಿಯನ್ನು ಕೈಗೆ ಕೊಟ್ಟು, ಸರಿ ಆಗಿದೆಯೇ ಎಂದು ಕೇಳಿದಳು. ಆಗಿದೆ ಎಂದೆವು. ಮೆಟ್ಟಿಲು ಇಳಿಯುವಾಗ ಮೇಲೆ ಮುಂದಿನ ಗಿರಾಕಿಯನ್ನು ಕೂರಿಸಿ ಅವಳು ಏನೋ ಹೇಳಿ ನಗುತ್ತಿದ್ದುದು ಕೇಳಿಸಿತು. ಒಂದು ಗಳಿಗೆ ಅಲ್ಲೇ ನಿಂತೆವು. ಆಮೇಲೆ ಬಸ್ಸಿಗೆ ಹೊತ್ತಾಗಿತ್ತು.